ನೀರೆಂದು ತೋರಿದ ಚುಕ್ಕೆ

ಕಲಬುರಗಿ ಸೀಮೆಯಲ್ಲಿ ಮಧ್ಯಾಹ್ನವೆಂಬುದು ಮನೆಯೊಳಗಿನ ಹೊತ್ತಾಗಿ ಎಷ್ಟೋ ವರ್ಷಗಳಾಗಿದ್ದವು. ಬೇಸಿಗೆ ಶುರುವಾದಾಗಿನಿಂದ ಮೊದಲ ಮಳೆ ಬೀಳುವವರೆಗೆ, ಬಿಸಿಲೇರಿ ಸೈರನ್ ಕೂಗಿತೆಂದರೆ ಸಂಜೆಯ ಸೈರನ್ ಕೂಗುವ ತನಕ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಶಾಲೆಗಳು ನಸುಕಿನಲ್ಲೇ ತೆರೆಯುತ್ತಿದ್ದವು. ಮದುವೆಯ ಅಕ್ಷತೆ ಸೂರ್ಯ ಹುಟ್ಟುವ ಮೊದಲೇ ಬೀಳುತ್ತಿತ್ತು. ಸಂತೆ ಸೇರುತ್ತಿದ್ದುದು ದೀಪ ಹೊತ್ತಿದ ಮೇಲೆ. ಜನ ಮೊದಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಒಗ್ಗಿಕೊಳ್ಳಲು ಆಗದವರೂ ಇದ್ದರು: ಲೈನ್‌ಮನ್‌ಗಳು, ಹೆರಿಗೆ ಮಾಡಿಸುವ ನರ್ಸುಗಳು, ದನದ ಡಾಕ್ಟರುಗಳು. ಹೊಟ್ಟೆಯೊಳಗಿನ ಕೂಸಿಗಾಗಲಿ ಕರುವಿಗಾಗಲಿ ಸೈರನ್ ಕೇಳಿಸುವುದಿಲ್ಲವಲ್ಲ.

ಅಂಥವರಿಗಾಗಿಯೇ ಹುಟ್ಟಿದ್ದು ಬಿಸಿಲು ಕಾವಲು ಕೇಂದ್ರ. ಖಾಲಿ ರಸ್ತೆಗಳ ಮೇಲೆ ಅದರ ಡ್ರೋನುಗಳು ಥರ್ಮಲ್ ಕ್ಯಾಮೆರಾ ಕಟ್ಟಿಕೊಂಡು ಹಾರಾಡುತ್ತಿದ್ದವು. ಎಲ್ಲಾದರೂ ಒಬ್ಬ ಮನುಷ್ಯ ಬಿಸಿಲಿಗೆ ಬಿದ್ದಿದ್ದರೆ ಹುಡುಕಿ ಗಾಡಿ ಕಳಿಸುವುದು ಕೇಂದ್ರದ ಕೆಲಸ. ಡ್ರೋನುಗಳು ಕಂಡದ್ದನ್ನು ಪರದೆಯ ಮೇಲೆ ಓದಿ ಹೇಳುತ್ತಿದ್ದವಳು ಇಂದುಮತಿ. ಭೌತಶಾಸ್ತ್ರ ಓದಿದವಳು, ಮಾತು ಕಮ್ಮಿ, ಕೆಲಸದಲ್ಲಿ ಹಟವಾದಿ. ಅವಳ ಗಂಡ ಚನ್ನವೀರ ಪಶುವೈದ್ಯ.

ಅಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅತ್ತೆ ನೀಲಮ್ಮ ಕುರ್ಚಿಯ ಮೇಲೆ ಹತ್ತಿ ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಕಟ್ಟಿದ್ದ ಜೇಡನ ಬಲೆ ತೆಗೆಯುತ್ತಿದ್ದಳು.

"ಇಂದೂ, ಇದೂ ಕತ್ತಲದಾಗ ಕಾಣ್ತದ, ನಿಮ್ಮ ಆಫೀಸಿಂದೂ ಕತ್ತಲದಾಗ ಕಾಣ್ತದ. ಎರಡೂ ಅವಕೆಂಪು, ಇನ್‌ಫ್ರಾರೆಡ್ ಅಂತೀರಿ. ಮತ್ತ ನಿಮ್ಮದಕ್ಕ ಯಾಕ ಅಷ್ಟು ದೊಡ್ಡ ಹೆಸರು?"

"ಕೆಳಗ ಇಳೀರಿ ಅತ್ತಿ ಮೊದಲ, ಬಿದ್ದೀರಿ," ಎಂದು ಇಂದುಮತಿ ಕುರ್ಚಿ ಹಿಡಿದುಕೊಂಡಳು. "ಇದು ಚಿಮಣಿ ಹಿಡಕೊಂಡು ನೋಡೋ ಕಣ್ಣು. ಸುತ್ತ ಸಣ್ಣ ದೀಪ ಅದಾವಲ್ಲ, ಅವು ಬೆಳಕು ಚೆಲ್ತಾವ. ಆ ಬೆಳಕು ನಮಗ ಕಾಣಂಗಿಲ್ಲ, ಕೆಂಪಿಗಿಂತ ಒಂಚೂರು ಆಚಿಗಿನದು. ಗ್ವಾಡಿಗಿ ಬಡದು ತಿರುಗಿ ಬಂದಾಗ ಇದಕ್ಕ ಕಾಣ್ತದ. ಹಗಲಾದ್ರ ಸೂರ್ಯನೇ ಆ ಬೆಳಕು ಕೊಡ್ತಾನ. ದೀಪ ಆರಿ, ಸೂರ್ಯನೂ ಇಲ್ಲಂದ್ರ ಇದು ಕುರುಡು."

"ನಿಮ್ಮದು?"

"ನಮ್ಮದಕ್ಕ ದೀಪಾನೂ ಬ್ಯಾಡ, ಸೂರ್ಯಾನೂ ಬ್ಯಾಡ. ಬಿಸಿ ಇರೋದೆಲ್ಲ ತಾನೇ ಬೆಳಗತದ ಅತ್ತಿ. ಹಂಚು, ಕಲ್ಲು, ನಾನು, ನೀವು. ಆ ಬೆಳಕು ಕೆಂಪಿನಿಂದ ಭಾಳ ದೂರದ್ದು. ಗಾಜಿನೊಳಗಿಂದನೂ ಹಾಯಂಗಿಲ್ಲ. ನೀವು ಕಿಟಕಿ ಗಾಜಿನ ಹಿಂದ ನಿಂತ್ರ ನಿಮ್ಮ ಮುಖ ಕಾಣಂಗಿಲ್ಲ, ಗಾಜಿನ ಬಿಸಿ ಕಾಣ್ತದ. ಅದಕ್ಕ ನಮ್ಮ ಕ್ಯಾಮೆರಾದ ಕಣ್ಣಿಗಿ ಗಾಜು ಹಾಕಂಗಿಲ್ಲ, ಜರ್ಮೇನಿಯಂ ಅಂತ ಬ್ಯಾರೆ ವಸ್ತು ಹಾಕ್ತಾರ."

"ಅಂದ್ರ ನಾನೂ ಬೆಳಗ್ತೀನೇನು?"

"ನೀನಾ? ಸಿಟ್ಟು ಬಂದಾಗ ಇಡೀ ಓಣಿಗೇ ಕಾಣ್ತಿ," ಎಂದ ಚನ್ನವೀರ ಒಳಗಿನಿಂದ ಬಂದು. ಕೈಯಲ್ಲಿ ಔಷಧದ ಚೀಲ, ಹೆಗಲ ಮೇಲೆ ಕರು ಒರೆಸುವ ದೊಡ್ಡ ಬಿಳಿ ಹತ್ತಿಬಟ್ಟೆ. ಸಿದ್ದನಾಳವೆಂಬ ಹಳ್ಳಿಯಲ್ಲಿ ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಕಾಲು ಒಳಗೇ ಮಡಚಿಕೊಂಡಿದೆ ಎಂದು ಫೋನ್ ಬಂದಿತ್ತು.

"ಸೈರನ್ ಆಗಲಿಕ್ಕೆ ಭಾಳ ಹೊತ್ತಿಲ್ಲರೀ," ಎಂದಳು ಇಂದುಮತಿ.

"ಹಳೇ ಖಣಿ ದಾರಿ ಹಿಡೀತೀನಿ. ಸಿದ್ದನಾಳದಾಗೇ ಇರ್ತೀನಿ ಮಧ್ಯಾಹ್ನ, ಸಂಜಿಗಿ ಬರ್ತೀನಿ."

ಅವನ ಬ್ಯಾಟರಿ ಬೈಕು ಸದ್ದಿಲ್ಲದೆ ಓಣಿ ದಾಟಿತು.

*

ಬೇಸಿಗೆಯ ಮಧ್ಯಾಹ್ನ ಥರ್ಮಲ್ ಪರದೆಯನ್ನು ಮೊದಲ ಸಲ ನೋಡಿದವರು ಬೆಪ್ಪಾಗುತ್ತಾರೆ. ಇರುಳಿನಲ್ಲಿ ಮನುಷ್ಯ ತಣ್ಣನೆಯ ನೆಲದ ಮೇಲೆ ದೀಪದಂತೆ ಹೊಳೆಯುತ್ತಾನೆ. ಮಧ್ಯಾಹ್ನ ನೆಲವೇ ಕಾದ ಹಂಚಾಗಿರುವಾಗ ಮನುಷ್ಯನ ಮೈ ಅದರೆದುರು ತಂಪು. ಬೆಳ್ಳನೆಯ ನೆಲದ ಮೇಲೆ ಕಪ್ಪು ಗೊಂಬೆ ನಡೆದಂತೆ ಕಾಣುತ್ತದೆ. ಇವೆರಡರ ನಡುವೆ, ಸಂಜೆ ನೆಲ ಆರುತ್ತಾ ಆರುತ್ತಾ ಮೈಯ ಬಿಸಿಗೆ ಬಂದು ನಿಂತಾಗ, ನೆಲವೂ ಮನುಷ್ಯನೂ ಒಂದೇ ಬಣ್ಣವಾಗಿ ಬೆರೆತುಬಿಡುತ್ತವೆ. ಪರದೆಯ ತುಂಬ ಬೂದಿ ಬಳಿದಂತೆ. ಕೇಂದ್ರದವರು ಅದಕ್ಕೆ ಬೂದಿ ಹೊತ್ತು ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಡ್ರೋನು ಹಾರಿಸಿ ಉಪಯೋಗವಿರಲಿಲ್ಲ.

ಬಿಸಿಲು ಓರೆಯಾಗತೊಡಗಿದಾಗ ನೀಲಮ್ಮನ ಫೋನ್ ಬಂತು.

"ಇಂದೂ, ಸಿದ್ದನಾಳದವರು ಫೋನ್ ಮಾಡಿದ್ರು. ಡಾಕ್ಟರ್ ಯಾವಾಗ ಬರ್ತಾರ ಅಂತ ಕೇಳ್ತಾರ."

ಇಂದುಮತಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. "ಯಾವಾಗ ಬರ್ತಾರ ಅಂದ್ರ? ಅವರು ಹೋಗಿಲ್ಲೇನು?"

"ಸೈರನ್ ಆತು, ಮನ್ಯಾಗೇ ಉಳದಿರಬೇಕು ಅಂತ ಅವರು ತಿಳಕೊಂಡಾರ. ಇಲ್ಲಿ ನಾನು ಅಲ್ಲಿ ಅದಾನ ಅಂತ ತಿಳಕೊಂಡೀನಿ. ಅವನ ಫೋನ್ ಹತ್ತವಲ್ದು ಇಂದೂ." ನೀಲಮ್ಮನ ದನಿ ಗಟ್ಟಿಯಾಗಿಯೇ ಇತ್ತು. ಕೊನೆಗೆ ಮಾತ್ರ, "ನೋಡವ್ವ ಒಂಚೂರು," ಎನ್ನುವಾಗ ನಡುಗಿತು.

ಪಕ್ಕದ ಮೇಜಿನಲ್ಲಿ ಡ್ರೋನು ಹಾರಿಸುವ ರುಕ್ಮುದ್ದೀನ್ ಅವಳ ಮುಖ ನೋಡಿಯೇ ಎದ್ದು ನಿಂತ. ಅವಳಿಗಿಂತ ಹಿರಿಯ, ಕೇಂದ್ರ ತೆರೆದ ದಿನದಿಂದ ಇದ್ದವನು. "ಯಾವ ದಾರಿ ಅಕ್ಕಾ?" ಎಂದಷ್ಟೇ ಕೇಳಿದ.

"ಹಳೇ ಖಣಿ ದಾರಿ ಅಣ್ಣಾ."

ಬೈಕು ಬೇಗ ಸಿಕ್ಕಿತು. ರಸ್ತೆಯ ಬದಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಂತೆಯೇ ಇತ್ತು, ಅದರ ಕಬ್ಬಿಣ ಪರದೆಯ ಮೇಲೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಬಿಸಿ ಮಿತಿ ಮೀರಿದರೆ ಆ ಬೈಕುಗಳ ಬ್ಯಾಟರಿ ತಾನಾಗಿಯೇ ಬಂದ್ ಆಗುತ್ತದೆ, ಫೋನೂ ಹಾಗೆಯೇ. ಚನ್ನವೀರ ಅಲ್ಲಿಂದ ನಡೆದಿದ್ದ. ಯಾವ ಕಡೆಗೆ?

ಒಂದು ಕಡೆ, ರಸ್ತೆಯುದ್ದಕ್ಕೂ ಮುಂದೆ ಹೋದರೆ, ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುತ್ತಿದ್ದ ಮುಚ್ಚಿದ ಶೆಡ್ಡುಗಳಿದ್ದವು. ನೆರಳು ಬೇಕಾದವನು ಅತ್ತ ಹೋಗುವುದೇ ಸಹಜ. ಇನ್ನೊಂದು ಕಡೆ ಕಲ್ಲು ತೆಗೆದು ಬಿಟ್ಟ ಖಣಿಗಳು, ಮೈಲಿಗಟ್ಟಲೆ ಹಾಳು ಗುಂಡಿಗಳು. ಅವುಗಳ ನಡುವೆ ಹಾದರೆ ಸಿದ್ದನಾಳ ಹತ್ತಿರ. ಕೇಂದ್ರದ ಬಳಿ ಆ ಭಾಗಕ್ಕೆ ಒಂದೇ ಗಾಡಿಯಿತ್ತು. ಅದು ಶೆಡ್ಡುಗಳ ಕಡೆ ಹೊರಟಿತು. ಒಂದೊಂದೇ ಶೆಡ್ಡಿನ ಬಾಗಿಲು ಒಡೆದು ನೋಡಬೇಕಿತ್ತು, ಕಾದ ತಗಡಿನ ಕೆಳಗೆ ಏನಿದೆ ಎಂಬುದು ಮೇಲಿನಿಂದ ಡ್ರೋನಿಗೆ ಕಾಣುವುದಿಲ್ಲ. ರುಕ್ಮುದ್ದೀನ್ ತನ್ನ ಡ್ರೋನನ್ನು ಖಣಿಗಳ ಮೇಲೆ ತಿರುಗಿಸಿದ.

ಇಂದುಮತಿ ಕಣ್ಣು ಮಿಟುಕಿಸದೆ ನೋಡಿದಳು. ಕಪ್ಪು ಗೊಂಬೆ ಎಲ್ಲೂ ಇಲ್ಲ. ಇದ್ದದ್ದು ಕಪ್ಪು ಚುಕ್ಕೆಗಳು, ಗುಂಡಿಗೊಂದು ಎರಡು. ಪ್ರತಿಯೊಂದರ ಪಕ್ಕದಲ್ಲೂ ಯಂತ್ರ ತಾನೇ ಬರೆಯುತ್ತಿತ್ತು: ನೀರು, ನೀರು, ನೀರು. ಕಳೆದ ಮಳೆಗಾಲದ ನೀರು ಖಣಿಗಳ ತಳದಲ್ಲಿ ಇನ್ನೂ ಉಳಿದಿತ್ತು. ಮನುಷ್ಯನ ಮೈಗಿಂತ ಬಹಳ ತಂಪಾಗಿರುವುದೇನೇ ಕಂಡರೂ ನೀರೆಂದು ಗುರುತು ಹಾಕಿ ಮುಂದೆ ಹೋಗಲು ಯಂತ್ರಕ್ಕೆ ಕಲಿಸಲಾಗಿತ್ತು. ಇಲ್ಲದಿದ್ದರೆ ಒಂದೊಂದು ಹೊಂಡಕ್ಕೂ ಅದು ಗಂಟೆ ಬಾರಿಸುತ್ತಿತ್ತು.

"ಇನ್ನೊಂದು ಸುತ್ತು ಹಾಕ್ತೀನಿ," ಎಂದ ರುಕ್ಮುದ್ದೀನ್.

ಎರಡನೆಯ ಸುತ್ತಿನಲ್ಲೂ ಅದೇ. ಗಾಡಿಯವರು ರೇಡಿಯೋದಲ್ಲಿ ಮೊದಲ ಶೆಡ್ಡು ಖಾಲಿ ಎಂದರು. ಎರಡನೆಯದೂ ಖಾಲಿ ಎಂದರು. ಸೂರ್ಯ ಇಳಿಯುತ್ತಿದ್ದ. ಬೂದಿ ಹೊತ್ತು ಬಂದರೆ ನೆಲ ಮತ್ತೆ ತಣಿದು ಮೈ ಎದ್ದು ಕಾಣುವವರೆಗೆ ಕಾಯಬೇಕು. ಈಗಿನ ಬೇಸಿಗೆಯಲ್ಲಿ ಕಲ್ಲು ನೆಲ ತಣಿಯಲು ಅರ್ಧ ರಾತ್ರಿ ಬೇಕು. ನೀರಿಲ್ಲದೆ ಬಿದ್ದವನೊಬ್ಬ ಅಷ್ಟು ಹೊತ್ತು ಉಳಿಯುತ್ತಾನೆಯೇ? ಈ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಿತ್ತು. ಎಷ್ಟೋ ಮನೆಗಳವರಿಗೆ ಆ ಉತ್ತರವನ್ನು ಮೆತ್ತಗೆ ಹೇಳಿದವಳು ಅವಳೇ.

"ಅಕ್ಕಾ, ನೀವು ಎದ್ದು ಒಂಚೂರು ಹೊರಗ ಕುಂಡ್ರಿ. ನಾ ನೋಡ್ತೀನಿ," ಎಂದ ರುಕ್ಮುದ್ದೀನ್ ಮೆಲ್ಲಗೆ.

"ಇಲ್ಲಣ್ಣ. ಕುಂತ್ರ ಸಾಯ್ತೀನಿ. ಎರಡೂ ಸುತ್ತಿನ ಚಿತ್ರ ಪಕ್ಕಪಕ್ಕದಾಗ ಹಾಕ್ರಿ."

ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು. ಸುಮ್ಮನೆ ಕೂರಲಾರದೆ ಕೇಳಿದ್ದಳು. ಚಿತ್ರಗಳು ಬಂದವು. ಒಂದೊಂದೇ ಚುಕ್ಕೆಯ ಬಿಸಿಯನ್ನು ಹೋಲಿಸುತ್ತಾ ಬಂದಳು. ಹೊಂಡಗಳು ಮೊದಲ ಸುತ್ತಿನಲ್ಲಿ ಎಷ್ಟು ಬಿಸಿಯಿದ್ದವೋ ಎರಡನೆಯದರಲ್ಲೂ ಅಷ್ಟೇ. ನೀರಿನ ಸ್ವಭಾವವೇ ಅದು. ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಎರಡು ಚುಕ್ಕೆಗಳು ಮಾತ್ರ ಹಾಗಿರಲಿಲ್ಲ. ಎರಡೂ ಎರಡು ಬೇರೆ ಗುಂಡಿಗಳಲ್ಲಿ, ಒಂದಕ್ಕೊಂದು ದೂರ. ಮೊದಲ ಸುತ್ತಿನಲ್ಲಿ ಇದ್ದುದಕ್ಕಿಂತ ಎರಡನೆಯ ಸುತ್ತಿನಲ್ಲಿ ಅವು ಐದಾರು ಡಿಗ್ರಿ ತಂಪಾಗಿದ್ದವು.

ಅವಳು ಆ ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟಳು.

"ಅಣ್ಣಾ, ಇಷ್ಟು ಬಿಸಿಲಾಗ ಹೊಂಡ ತಾನಾಗೇ ತಂಪಾಗ್ತದೇನು?"

"ಆಗಬಾರದು. ಮ್ಯಾಲಿಂದ ಹೊಸ ನೀರು ಸೋರಿದ್ರ ಆಗಬಹುದು."

"ಇಲ್ಲಾಂದ್ರ?"

ರುಕ್ಮುದ್ದೀನ್ ಎರಡೂ ಚಿತ್ರಗಳ ಮೇಲೆ ಬಗ್ಗಿದ. ಅವನ ಕಣ್ಣುಗಳು ದೊಡ್ಡವಾದವು. "ಹಸಿ ಬಟ್ಟಿ."

"ಹಸಿ ಬಟ್ಟಿ. ಒಣಗಿದಂಗ ಬಿಸಿ ಏರ್ತದ, ಮತ್ತ ನೀರು ಹಾಕಿದ್ರ ಇಳೀತದ. ಅವರು ಬಿಸಿಲಿಗಿ ಬಿದ್ದ ಎಮ್ಮಿಗೋಳಿಗೆ ಹಂಗೇ ಮಾಡ್ತಾರಣ್ಣ. ಮೈತುಂಬ ಹಸಿ ಬಟ್ಟಿ ಹೊದಿಸಿ ನೀರು ಹಾಕ್ತಾರ. ತಲಿಯಿಂದ ಕಾಲತನಕ ಹೊದ್ದುಕೊಂಡು ಮಲಗಿದ್ರ ಯಂತ್ರಕ್ಕ ಮನುಷ್ಯ ಕಾಣಂಗಿಲ್ಲ, ನೀರು ಕಾಣ್ತದ."

"ಎರಡು ಅದಾವಲ್ಲಕ್ಕಾ. ಯಾವುದು?"

ಅದೇ ಕಷ್ಟವಾಗಿತ್ತು. ಗಾಡಿ ಶೆಡ್ಡುಗಳ ಕಡೆಯಿಂದ ಖಣಿಗಳಿಗೆ ಬರಲು ಸುತ್ತುಬಳಸಿನ ದಾರಿ. ಒಂದು ಗುಂಡಿಗೆ ಇಳಿದು ಹತ್ತುವಷ್ಟರಲ್ಲಿ ಕತ್ತಲಾಗುತ್ತದೆ. ಎರಡನೆಯದಕ್ಕೆ ಹೊತ್ತಿರುವುದಿಲ್ಲ. ಡ್ರೋನನ್ನು ಇನ್ನೂ ಕೆಳಗಿಳಿಸೋಣವೆಂದರೆ ಕಾದ ಗುಂಡಿಗಳಿಂದ ಏಳುವ ಗಾಳಿ ಅದನ್ನು ಕಲ್ಲಿಗೆ ಬಡಿಯುತ್ತಿತ್ತು. ಡ್ರೋನಿನ ಮಾಮೂಲಿ ಬಣ್ಣದ ಕ್ಯಾಮೆರಾದಲ್ಲಿ ಗುಂಡಿಗಳ ತಳವೆಲ್ಲ ನೆರಳು, ಧೂಳಿನ ಮಬ್ಬು. ಬೂದು ಕಲ್ಲು, ಬೂದು ನೀರು, ಬೂದು ಬಟ್ಟೆ.

ಇಂದುಮತಿ ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿನ ಕಪಾಟಿನಲ್ಲಿ, ಮನೆಯ ಬಾಗಿಲ ಮೇಲಿದ್ದ ಕಣ್ಣಿನ ಜಾತಿಯದೇ ಅವಕೆಂಪು ಕ್ಯಾಮೆರಾ ಒಂದಿತ್ತು. ಚಳಿಗಾಲದಲ್ಲಿ ತೊಗರಿ ಹೊಲಗಳನ್ನು ನೋಡಲು ಬಳಸುತ್ತಿದ್ದದ್ದು. ಜೀವವಿರುವ ಎಲೆ ಕೆಂಪಿನಾಚೆಯ ಆ ಬೆಳಕನ್ನು ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ, ಚಿತ್ರದಲ್ಲಿ ಹಿಮ ಬಿದ್ದಷ್ಟು ಬಿಳಿ. ರೋಗ ಬಂದ ಗಿಡ ಮಂಕಾಗುತ್ತದೆ. ಅದರ ಮಸೂರ ಮಾಮೂಲಿ ಗಾಜಿನದು, ಒಳಗೆ ಇರುವುದೂ ಫೋನ್ ಕ್ಯಾಮೆರಾದಂಥದೇ ಚಿಪ್. ಬಿಸಿಯ ಬಗ್ಗೆ ಅದಕ್ಕೆ ಏನೂ ತಿಳಿಯದು. ಕುದಿಯುವ ನೀರನ್ನೂ ಮಂಜುಗಡ್ಡೆಯ ನೀರನ್ನೂ ಒಂದೇ ಥರ ನೋಡುತ್ತದೆ. ಆದರೆ ಅದಕ್ಕೆ ಗೊತ್ತಿದ್ದ ಒಂದು ಸಂಗತಿ ಥರ್ಮಲ್ ಕ್ಯಾಮೆರಾಕ್ಕೆ ಗೊತ್ತಿರಲಿಲ್ಲ. ನಿಂತ ನೀರು ಆ ಬೆಳಕನ್ನು ನುಂಗಿಬಿಡುತ್ತದೆ. ಅವಕೆಂಪು ಚಿತ್ರದಲ್ಲಿ ಹೊಂಡವೆಂದರೆ ಮಸಿ ಚೆಲ್ಲಿದಂತೆ. ಹತ್ತಿಬಟ್ಟೆ, ಎಷ್ಟೇ ಒದ್ದೆಯಾಗಿದ್ದರೂ, ಬೆಳ್ಳಗೇ ಉಳಿಯುತ್ತದೆ.

"ಇದನ್ನ ಎರಡನೇ ಡ್ರೋನಿಗೆ ಕಟ್ಟರಿ ಅಣ್ಣಾ, ಲಗೂನ. ಸೂರ್ಯ ಮುಳುಗಿದ್ರ ಇದು ಕುರುಡಾಗ್ತದ."

"ದೀಪ ಅದಾವಲ್ಲ ಇದಕ್ಕ?"

"ಅಷ್ಟು ಎತ್ತರದಿಂದ ದೀಪ ಮುಟ್ಟಂಗಿಲ್ಲ. ಬಿಸಿಲೇ ಬೇಕು."

ರುಕ್ಮುದ್ದೀನನ ಬೆರಳುಗಳು ತಿರುಪು ಬಿಗಿಯುವಾಗ ಅವಳು ರೇಡಿಯೋ ಎತ್ತಿಕೊಂಡು ಗಾಡಿಯವರಿಗೆ ಶೆಡ್ಡು ಬಿಟ್ಟು ಖಣಿಗಳ ಕಡೆ ತಿರುಗಲು ಹೇಳಿದಳು. ಯಾವ ಗುಂಡಿ ಎಂದು ಅವರು ಕೇಳಿದರು. "ನೀವು ಬರೋದ್ರಾಗ ಹೇಳ್ತೀನಿ," ಎಂದಳು. ಚನ್ನವೀರ ಉಳಿದ ಶೆಡ್ಡುಗಳಲ್ಲಿ ಒಂದರೊಳಗೆ ಬಿದ್ದಿದ್ದರೆ, ಗಾಡಿಯನ್ನು ಅವನ ಬಾಗಿಲಿನಿಂದ ತಿರುಗಿಸಿದವಳು ತಾನೇ ಆಗುತ್ತಿದ್ದಳು.

ಡ್ರೋನು ಹೊರಟಿತು. ಪರದೆಯ ಮೇಲೆ ಬೇರೊಂದೇ ಲೋಕ ತೆರೆಯಿತು. ಕಣ್ಣಿಗೆ ಒಣಗಿದಂತೆ ಕಾಣುವ ಜಾಲಿಯ ಪೊದೆಗಳೆಲ್ಲ ಬೆಳ್ಳಿಯಂತೆ ಮಿನುಗುತ್ತಿದ್ದವು, ಆಕಾಶ ಕಪ್ಪಗಿತ್ತು. ಧೂಳಿನ ಮಬ್ಬನ್ನೂ ಸ್ವಲ್ಪ ಸೀಳಿಕೊಂಡು ನೋಡುತ್ತಿತ್ತು ಆ ಕಣ್ಣು. ಮೊದಲ ಗುಂಡಿ ಬಂತು. ತಂಪಾಗಿದ್ದ ಆ ಚುಕ್ಕೆಯ ಜಾಗದಲ್ಲಿ ಶುದ್ಧ ಕಪ್ಪು. ಗೋಡೆಯ ಬಿರುಕಿನಿಂದ ಒಂದು ಕಪ್ಪು ಗೆರೆ ಇಳಿದು ಅದಕ್ಕೆ ಸೇರಿತ್ತು.

"ನೀರು," ಎಂದ ರುಕ್ಮುದ್ದೀನ್. "ಸೋರಲಾಕತ್ತದ."

ಎರಡನೆಯ ಗುಂಡಿಯ ಅಂಚನ್ನು ಬಿಸಿಲು ಆಗಲೇ ಬಿಡುತ್ತಿತ್ತು. ಆಕಾಶದಿಂದ ಚೆದುರಿ ಬೀಳುವ ಬೆಳಕಷ್ಟೇ ಒಳಗೆ. ರುಕ್ಮುದ್ದೀನ್ ಚಿತ್ರದ ಬೆಳಕು ಏರಿಸಿದ. ತಳದಲ್ಲಿ ಹೊಂಡ, ಮಸಿಯಂತೆ. ಹೊಂಡದ ದಡದಲ್ಲಿ, ಕಲ್ಲಿನ ಮೆಟ್ಟಿಲಿನಂಥ ಜಾಗಕ್ಕೆ ಒರಗಿ, ಉದ್ದಕ್ಕೆ ಒಂದು ಬಿಳಿ ಪಟ್ಟಿ.

ಇಂದುಮತಿ ಥರ್ಮಲ್ ಚಿತ್ರವನ್ನು ಪಕ್ಕಕ್ಕೆ ಎಳೆದಳು. ಅದೇ ಜಾಗ, ಅಷ್ಟೇ ಉದ್ದ, ಅಷ್ಟೇ ಅಗಲ.

"ಗಿಡ ಇರಬಹುದಾ ಅಕ್ಕಾ? ಗಿಡನೂ ಬೆಳ್ಳಗ ಕಾಣ್ತದ."

"ಗಿಡ ಇಷ್ಟು ತಂಪಿರಂಗಿಲ್ಲಣ್ಣ. ಈ ಗಾಳ್ಯಾಗ ಎಲಿ ನಮ್ಮ ಮೈಗಿಂತ ಬಿಸಿ ಇರ್ತದ." ಅವಳ ದನಿ ತೆಳ್ಳಗಾಗಿ ಹೋಗಿತ್ತು. "ಬಿಳಿ ಅದ, ಅಂದ್ರ ಹೊಂಡ ಅಲ್ಲ. ತಂಪದ, ಅಂದ್ರ ಗಿಡ ಅಲ್ಲ."

ಅವಳು ರೇಡಿಯೋದಲ್ಲಿ ಗುಂಡಿಯ ಗುರುತು ಹೇಳಿದಳು. ಒಂದೊಂದು ಅಕ್ಷರವನ್ನೂ ಬಿಡಿಸಿ, ಎರಡು ಸಲ. ಆಮೇಲೆ ಬೆಳಕು ಪೂರ್ತಿ ಹೋಯಿತು, ಅವಕೆಂಪು ಪರದೆ ಕಪ್ಪಾಯಿತು. ಥರ್ಮಲ್ ಪರದೆಯ ಮೇಲೆ ಬೂದಿ ಹಬ್ಬುತ್ತಾ ಬಂದು ಕಲ್ಲು, ಪೊದೆ, ದಾರಿ ಎಲ್ಲವನ್ನೂ ಮುಚ್ಚಿತು. ಹೊಂಡಗಳನ್ನು ಬಿಟ್ಟರೆ ಆ ತಣ್ಣನೆಯ ಚುಕ್ಕೆಯೊಂದೇ ಉಳಿದಿತ್ತು, ಅದೂ ನಿಧಾನವಾಗಿ ಬಿಸಿಯೇರುತ್ತಿತ್ತು. ಅದು ಯಾಕೆ ಏರುತ್ತಿದೆ, ಮತ್ತೆ ನೀರು ಹಾಕಿಕೊಳ್ಳಲು ಅವನಿಗೆ ಏಕೆ ಆಗುತ್ತಿಲ್ಲ ಎಂಬುದನ್ನು ಯೋಚಿಸಬಾರದೆಂದು ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕುಳಿತಳು.

ರೇಡಿಯೋ ಗರಗರ ಎಂದಿತು. ಕಲ್ಲು ಉರುಳಿದ ಸದ್ದು, ಯಾರೋ ಯಾರಿಗೋ ಹಗ್ಗ ಬಿಡು ಎಂದದ್ದು. ಆಮೇಲೆ ಗಾಡಿಯವನ ದನಿ:

"ಮೇಡಂ, ಸಿಕ್ಕಾರ! ಕಾಲು ಮುರದದ, ಮನುಷ್ಯ ಹುಷಾರದಾರ. ಮಾತಾಡ್ಲಾಕತ್ತಾರ. ಬೈಲಾಕತ್ತಾರ ಮೇಡಂ, ಹಗ್ಗ ಹಿಂಗ್ಯಾಕ ಕಟ್ಟೀರಿ ಅಂತ!"

ರುಕ್ಮುದ್ದೀನ್ ಜೋರಾಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಇಂದುಮತಿ ಫೋನ್ ತೆಗೆದು ಅತ್ತೆಗೆ ಒತ್ತಿದಳು. ಒಂದೇ ರಿಂಗಿಗೆ ಎತ್ತಿದ ನೀಲಮ್ಮನಿಗೆ ಏನು ಹೇಳಬೇಕೆಂದು ತೋಚದೆ, "ಅತ್ತಿ, ಬೈಲಾಕತ್ತಾರಂತ," ಎಂದಳು. ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು.

*

ತಾಲೂಕು ಆಸ್ಪತ್ರೆಯಲ್ಲಿ ಚನ್ನವೀರನ ಕಾಲಿಗೆ ಪಟ್ಟಿ ಕಟ್ಟಿ, ಕೈಗೆ ಸಲಾಯಿನ್ ಹಚ್ಚಿದ್ದರು. ತುಟಿ ಒಡೆದಿತ್ತು, ಕಣ್ಣು ಕೆಂಪಗಾಗಿತ್ತು. ಇಂದುಮತಿ ಮಂಚದ ಪಕ್ಕ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಇನ್ನೊಮ್ಮೆ ನೋಡಿದಳು.

"ಅಂಚಿನ ಕಲ್ಲು ಜಾರಿತು," ಎಂದ ಅವನು ತಾನಾಗಿಯೇ. "ಬಿದ್ದ ಮ್ಯಾಲ ಏಳಾಕ ಆಗಲಿಲ್ಲ. ಪುಣ್ಯಕ್ಕ ಪಕ್ಕದಾಗೇ ನೀರು. ಬಟ್ಟಿ ಅದ್ದಿ ಹೊದ್ದುಕೊಂಡೆ. ಒಣಗಿದಂಗ ಮತ್ತ ಅದ್ದಿದೆ. ಕಡೀಕ ಕೈಯೂ ಏಳವಲ್ದಾಗಿತ್ತು."

"ನೀರಾಗೇ ಕುಂಡ್ರಬೇಕಿತ್ತಲ್ಲರೀ."

"ಅಲ್ಲಿ ಮೊದಲೇ ಒಂದು ಕೇರಿ ಹಾವು ಕುಂತಿತ್ತು. ಅದಕ್ಕೂ ಸೆಕಿ. ನಾ ಯಾಕ ಎಬ್ಬಿಸಲಿ ಅಂತ ಸುಮ್ಮನಿದ್ದೆ. ಡ್ರೋನು ಬಂದದ್ದೂ ಕೇಳಸ್ತು. ಕೈ ಹೊರಗ ಹಾಕೋದ್ರಾಗ ಹೋಗಿಬಿಟ್ಟಿತ್ತು. ನೀನೇ ಅದರಾಗ ನೋಡ್ತಿರ್ತಿ ಅಂತ ಗೊತ್ತಿತ್ತು. ಹೆಂಗೂ ಕಾಣ್ತೀನಿ ಅಂತ ಧೈರ್ಯ ಇತ್ತು."

ಕಾಣಲಿಲ್ಲ, ಎರಡು ಸಲ ನಿಮ್ಮ ಮೇಲೆ ಹಾದು ಹೋದೆ, ಎರಡು ಸಲವೂ ನೀರೆಂದುಕೊಂಡೆ ಎಂದು ಹೇಳಬೇಕೆಂದಿದ್ದಳು. ಈಗ ಬೇಡವೆನಿಸಿತು. ಸಿದ್ದನಾಳದ ಎಮ್ಮೆಯ ಸುದ್ದಿ ಹೇಳಿದಳು. ಇನ್ನೊಂದು ಕಡೆಯಿಂದ ಡಾಕ್ಟರು ಹೋಗಿ ಕರುವನ್ನು ಹೊರಗೆ ತೆಗೆದಿದ್ದರು, ತಾಯಿ ಕರು ಎರಡೂ ಚೆನ್ನಾಗಿದ್ದವು. ಚನ್ನವೀರ ಕಣ್ಣು ಮುಚ್ಚಿ, "ಹೆಣ್ಗರುವೇನು?" ಎಂದ. ಅವಳಿಗೆ ತಿಳಿದಿರಲಿಲ್ಲ. ಅವನಿಗೆ ಅದೊಂದು ದೊಡ್ಡ ಕೊರತೆಯಾಗಿ ಕಂಡಿತು.

ರುಕ್ಮುದ್ದೀನ್ ಬಾಗಿಲಲ್ಲಿ ಇಣುಕಿ, "ನಾಳಿಂದ ಎರಡೂ ಕಣ್ಣು ಕಟ್ಟೇ ಹಾರಸ್ತೀನಿ ಅಕ್ಕಾ. ಯಂತ್ರದ ಪಾಠ ನೀವು ತಿದ್ದರಿ," ಎಂದು ಹೇಳಿ ಹೋದ.

ಸಂಜೆಯ ಸೈರನ್ ಕೂಗಿ ಬಹಳ ಹೊತ್ತಾಗಿತ್ತು. ಆಸ್ಪತ್ರೆಯ ಎದುರಿನ ರಸ್ತೆ ತುಂಬಿ ತುಳುಕುತ್ತಿತ್ತು. ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಹೂವಿನವಳು ಕೂಗುತ್ತಿದ್ದಳು. ಇಂದುಮತಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಮೊಣಕಾಲ ಮೇಲೆ ತಲೆಯಿಟ್ಟು ಅತ್ತಳು. ನೀಲಮ್ಮ ಬಂದು ಪಕ್ಕದಲ್ಲಿ ಕುಳಿತು, ಅವಳ ಬೆನ್ನ ಮೇಲೆ ಕೈಯಾಡಿಸುತ್ತಾ ಇದ್ದಳು. ಅಳು ತಾನಾಗಿಯೇ ನಿಂತಿತು.

ಮೂಗಿಗೆ ಕಾದ ಎಣ್ಣೆಯ ವಾಸನೆ ಬಡಿಯಿತು. ಗೇಟಿನ ಬಳಿ ಕೈಗಾಡಿಯವನು ಮಿರ್ಚಿ ಬಜ್ಜಿ ಬಿಡುತ್ತಿದ್ದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಇಂದುಮತಿಗೆ ಆಗ ನೆನಪಾಯಿತು.

"ಹಸಿವಾಗ್ಯದ ಅತ್ತಿ," ಎಂದಳು, ಚಿಕ್ಕ ಹುಡುಗಿಯಂತೆ.

"ನನಗೂ," ಎಂದು ನೀಲಮ್ಮ ಅವಳ ಕೈ ಹಿಡಿದು ಎಬ್ಬಿಸಿದಳು.

ಇಬ್ಬರೂ ಗಾಡಿಯ ಪಕ್ಕ ನಿಂತು ನೆನೆಸಿದ ಚುರುಮುರಿಯ ಸುಸಲಾ, ಮಿರ್ಚಿ ತಿಂದರು. ಖಾರಕ್ಕೆ ಕಣ್ಣಲ್ಲಿ ಮತ್ತೆ ನೀರು ಬಂತು, ಮೂಗು ಸೋರಿತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನೀಲಮ್ಮ ಇನ್ನೊಂದು ಪ್ಲೇಟ್ ಹಾಕಲು ಹೇಳಿದಳು. ಅಷ್ಟರಲ್ಲಿ ವಾರ್ಡಿನ ಕಿಟಕಿಯಿಂದ ಒಂದು ಒಣಗಿದ ದನಿ ಕೂಗಿತು:

"ಯವ್ವಾ, ವಾಸನಿ ಇಲ್ಲಿತನ ಬರ್ಲಾಕತ್ತದ. ನನಗೂ ಒಂದು ಪ್ಲೇಟ್ ತರ್ರಿ!"

"ನಿನಗ ಗಂಜಿ!" ಎಂದು ನೀಲಮ್ಮ ಇಡೀ ರಸ್ತೆಗೆ ಕೇಳುವಂತೆ ಗದರಿದಳು. ಸೈಕಲ್ ಹೊಡೆಯುತ್ತಿದ್ದ ಮಕ್ಕಳು ತಿರುಗಿ ನೋಡಿದರು. ಇಂದುಮತಿ ನಗು ತಡೆಯಲಾರದೆ ಕೈಯಲ್ಲಿದ್ದ ಪ್ಲೇಟನ್ನು ಗಾಡಿಯ ಮೇಲಿಟ್ಟು, ಗಾಡಿಯವನಿಗೆ ಸನ್ನೆ ಮಾಡಿ, ಅತ್ತೆಗೆ ಕಾಣದಂತೆ ಒಂದೇ ಒಂದು ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು.